ಓದುಗರ ಪ್ರಶ್ನೆ: ಎಂಟು ಮೈಕಿಗೆ ಒಂದೇ ತಾಳ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು. ತಾಳಮದ್ದಳೆ ರೆಕಾರ್ಡ್ ಮಾಡುವ ಹುಚ್ಚು. ನಾನೇ ಬೆಸುಗೆ ಹಾಕಿ ಎಂಟು ಮೈಕಿನ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ) ಡಬ್ಬಿ ಮಾಡಿಕೊಂಡಿದ್ದೇನೆ. ಈಗ ಎಂಟನ್ನೂ ಮಿಕ್ಸರಿನಲ್ಲಿ ಸೇರಿಸಿ, ಎರಡು ಚಾನೆಲ್ಲಿನ ಯುಎಸ್‌ಬಿ ಇಂಟರ್‌ಫೇಸ್ (ಶಬ್ದವನ್ನು ಕಂಪ್ಯೂಟರಿಗೆ ಅಂಕಿಗಳಾಗಿ ಕೊಡುವ ಪೆಟ್ಟಿಗೆ) ಮೂಲಕ ಲ್ಯಾಪ್‌ಟಾಪಿಗೆ ಕೊಡುತ್ತಿದ್ದೇನೆ. ಮನೆಗೆ ಬಂದು ಕೇಳಿದರೆ ಚಂಡೆ ಜಾಸ್ತಿ, ಅರ್ಥಧಾರಿಗಳ ಮಾತು ಕಮ್ಮಿ. ಆಮೇಲೆ ಸರಿಮಾಡಲು ದಾರಿಯೇ ಇಲ್ಲ. ಇನ್ನೂ ಮೂರು ಎರಡು-ಚಾನೆಲ್ ಇಂಟರ್‌ಫೇಸ್ ತಂದು ಸೇರಿಸಿದರೆ ಎಂಟು ಆಗುತ್ತದಲ್ವಾ? ‘ಅಡಾಟ್’ ಅಂತ ಏನೋ ಇದೆಯಂತೆ, ಅದು ಏನು?

ಉತ್ತರ: ಮೂರು ತರಬೇಡಿ ಮಾರಾಯ್ರೆ. ಲೆಕ್ಕಕ್ಕೆ ಎಂಟು ಆಗುತ್ತದೆ, ಕಿವಿಗೆ ಆಗುವುದಿಲ್ಲ. ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು. ಒಮ್ಮೆ ಹೊನ್ನಾವರದ ಕಡೆ ಒಂದು ಕಾರ್ಯಕ್ರಮದಲ್ಲಿ ಭಾಗವತರ ಮೈಕನ್ನು ಒಂದು ಪೆಟ್ಟಿಗೆಗೆ, ಮದ್ದಳೆಯನ್ನು ಇನ್ನೊಂದಕ್ಕೆ ಕೊಟ್ಟು, ಎರಡು ಲ್ಯಾಪ್‌ಟಾಪಿನಲ್ಲಿ ಬೇರೆಬೇರೆ ರೆಕಾರ್ಡ್ ಮಾಡಿದೆ. ಮನೆಯಲ್ಲಿ ಜೋಡಿಸಿದರೆ ಮೊದಲ ಪದ್ಯ ಸರಿಯಾಗೇ ಇತ್ತು. ಮಂಗಳದ ಹೊತ್ತಿಗೆ ಮದ್ದಳೆ ಭಾಗವತರನ್ನು ಬಿಟ್ಟು ಎಲ್ಲೋ ಹೋಗಿತ್ತು!

ಯಾಕೆ ಅಂದರೆ, ಪ್ರತಿ ಪೆಟ್ಟಿಗೆಯೊಳಗೂ ಒಂದು ಕ್ಲಾಕ್ ಇರುತ್ತದೆ. ಸೆಕೆಂಡಿಗೆ 48,000 ಸಲ ‘ಈಗ ಅಳೆ, ಈಗ ಅಳೆ’ ಅಂತ ಹೇಳುವುದು ಅದು. ಎರಡು ಪೆಟ್ಟಿಗೆಗಳಲ್ಲಿ ಆ ಕ್ಲಾಕನ್ನು ನಡೆಸುವ ಕ್ರಿಸ್ಟಲ್ ಯಾವತ್ತೂ ಪೂರ್ತಿ ಒಂದೇ ಸಮ ಇರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ, ಗಂಟೆಗೆ 0.18 ಸೆಕೆಂಡ್ ಜಾರುತ್ತದೆ. ಮೂರು ಗಂಟೆಯ ಪ್ರಸಂಗಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ. ಒಂದೇ ಹಿಮ್ಮೇಳಕ್ಕೆ ಇಬ್ಬರು ಭಾಗವತರು ಬೇರೆಬೇರೆ ತಾಳ ಹಾಕಿದ ಹಾಗೆ. ಮ್ಯಾಕ್ ಕಂಪ್ಯೂಟರಿನಲ್ಲಿ ಹಲವು ಪೆಟ್ಟಿಗೆ ಸೇರಿಸಿ ಈ ಜಾರುವಿಕೆಯನ್ನು ತಿದ್ದುವ ವ್ಯವಸ್ಥೆ ಇದೆ ನಿಜ, ಆದರೆ ಅದು ತೇಪೆ. ವಿಂಡೋಸ್‌ನಲ್ಲಿ ಅಸಿಯೋ (ರೆಕಾರ್ಡಿಂಗ್ ಸಾಫ್ಟ್‌ವೇರು ಇಂಟರ್‌ಫೇಸಿನ ಜೊತೆ ಮಾತಾಡುವ ಡ್ರೈವರ್ ಪದ್ಧತಿ) ಬಳಸುವವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಡ್ರೈವರ್, ಅಲ್ಲಿಗೆ ಮುಗಿಯಿತು.

ಈಗ ಅಡಾಟ್ ವಿಷಯ. ಅಲೆಸಿಸ್ ಕಂಪನಿ 1991ರಲ್ಲಿ ತೋರಿಸಿದ ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರಿನ ಹೆಸರು ಅದು. ಎಸ್-ವಿಎಚ್‌ಎಸ್ ವೀಡಿಯೊ ಕ್ಯಾಸೆಟ್ಟಿನ ಮೇಲೆ ಧ್ವನಿ ಬರೆಯುತ್ತಿತ್ತು. ಕ್ಯಾಸೆಟ್ಟು ಹೋಯಿತು, ಎರಡು ರೆಕಾರ್ಡರ್ ಜೋಡಿಸಲು ಮಾಡಿದ್ದ ಬೆಳಕಿನ ವಯರ್ ಮಾತ್ರ ಉಳಿಯಿತು. ಒಂದೇ ತೆಳು ವಯರಿನಲ್ಲಿ 24 ಬಿಟ್‌ನ ಎಂಟು ಚಾನೆಲ್, 48 ಕಿಲೋಹರ್ಟ್ಸ್‌ವರೆಗೆ. 96ಕ್ಕೆ ಏರಿಸಿದರೆ ನಾಲ್ಕೇ ಚಾನೆಲ್. ನಮ್ಮ ತಾಳಮದ್ದಳೆಗೆ 48 ಧಾರಾಳ ಸಾಕು. ಭಾಗವತರು, ಮದ್ದಳೆ, ಚಂಡೆ, ನಾಲ್ಕು ಜನ ಅರ್ಥಧಾರಿಗಳು, ಸಭೆಯ ನಗುವಿಗೊಂದು ಮೈಕು. ಎಂಟು ಆಯಿತು ನೋಡಿ!

ಒಂದು ಮೋಸ ಹೋಗುವ ಜಾಗ ಇದೆ. ಈ ವಯರಿನ ತುದಿ ಟಿವಿ ಹಿಂದೆ ಇರುವ ಆಪ್ಟಿಕಲ್ ತೂತಿಗೇ ಹೊಂದುತ್ತದೆ, ಯಾಕೆಂದರೆ ಎರಡೂ ಒಂದೇ ಟಾಸ್‌ಲಿಂಕ್ ಕನೆಕ್ಟರ್. ಆದರೆ ಟಿವಿಯದು ಎಸ್‌ಪಿಡಿಐಎಫ್, ಅದರ ಭಾಷೆಯೇ ಬೇರೆ. ಇಂಟರ್‌ಫೇಸಿನ ಮೇಲೆ ಸುಮ್ನೆ ‘ಆಪ್ಟಿಕಲ್’ ಅಂತ ಬರೆದಿದ್ದರೆ ಕೊಳ್ಳಬೇಡಿ. ಮ್ಯಾನ್ಯುವಲ್ ತೆಗೆದು ‘ಅಡಾಟ್ ಇನ್’ ಇದೆಯಾ ನೋಡಿ. ಫೋಕಸ್‌ರೈಟ್‌ನ ಸ್ಕಾರ್ಲೆಟ್ 18ಐ20ಯಲ್ಲಿ ಇದೆ, ಅದೇ ಮನೆತನದ ಸಣ್ಣ 2ಐ2ನಲ್ಲಿ ಇಲ್ಲ.

ಬೆಸುಗೆ ಹಿಡಿದ ಕೈ ಸುಮ್ಮನೆ ಕೂರುವುದಿಲ್ಲ, ಪ್ರಿಆಂಪಿನ ಶಬ್ದವನ್ನು ಅಡಾಟ್ ಬೆಳಕಾಗಿಸುವ ಕನ್ವರ್ಟರನ್ನೂ ನಾನೇ ಮಾಡುತ್ತೇನೆ ಅಂತ ಈಗಾಗಲೇ ಅಂದುಕೊಂಡಿರುತ್ತೀರಿ. ಮಾಡಬಹುದು. ಪಿಸಿಎಂ1808 ಥರದ ಎರಡು ಚಾನೆಲ್ಲಿನ ಎಡಿಸಿ (ಶಬ್ದವನ್ನು ಅಳೆದು ಅಂಕಿಯಾಗಿಸುವ) ಚಿಪ್ ನಾಲ್ಕು ಬೇಕು. ಅವುಗಳ ಲೆಕ್ಕವನ್ನು ಒಂದೇ ಸಾಲಿನಲ್ಲಿ ಕೂರಿಸುವ ಎನ್‌ಕೋಡರ್ ಬೇಕು. ಹಿಂದೆ ಇದಕ್ಕೆಂದೇ ಎಎಲ್1401 ಚಿಪ್ ಬಳಸುತ್ತಿದ್ದರು, ಈಗ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್) ಬೋರ್ಡಿನಲ್ಲಿ ಬರೆದುಕೊಳ್ಳುವವರೂ ಇದ್ದಾರೆ. ಕೊನೆಗೆ ಬೆಳಕು ಬಿಡುವ ಟ್ರಾನ್ಸ್‌ಮಿಟರ್. ಇದರಲ್ಲಿ ಜನ ಎಡವುತ್ತಾರೆ. ಅಡಾಟ್‌ನ ಒಂದು ಫ್ರೇಮಿಗೆ 256 ಬಿಟ್, ಸೆಕೆಂಡಿಗೆ 48,000 ಫ್ರೇಮು, ಅಂದರೆ 12.288 ಮೆಗಾಬಿಟ್. ಹಳೇ ಸಿಡಿ ಪ್ಲೇಯರಿನಿಂದ ಕಿತ್ತ 6 ಮೆಗಾಬಿಟ್‌ನ ಟ್ರಾನ್ಸ್‌ಮಿಟರಿನಲ್ಲಿ ಕೆಂಪು ಬೆಳಕು ಚೆನ್ನಾಗೇ ಕಾಣುತ್ತದೆ, ಶಬ್ದ ಮಾತ್ರ ಬರುವುದಿಲ್ಲ. ಕೊಳ್ಳುವಾಗ 15 ಮೆಗಾಬಿಟ್ ಅಥವಾ ಅದಕ್ಕಿಂತ ಮೇಲಿನದನ್ನೇ ಕೇಳಿ.

ಇನ್ನೊಂದು ಅಪಾಯ ವೋಲ್ಟೇಜಿನದು. ನಿಮ್ಮ ಪ್ರಿಆಂಪು ಪ್ಲಸ್-ಮೈನಸ್ 15 ವೋಲ್ಟಿನಲ್ಲಿ ಓಡುವುದಾದರೆ, ಚಂಡೆಯ ಒಂದು ಜೋರು ಪೆಟ್ಟಿಗೆ ತುದಿಯಿಂದ ತುದಿಗೆ 25 ವೋಲ್ಟು ಹೊರಗೆ ಬಂದರೂ ಆಶ್ಚರ್ಯವಿಲ್ಲ. ಆ ಚಿಪ್ಪಿಗೆ 5 ವೋಲ್ಟ್ ಕೊಟ್ಟಾಗ ಅದು ತಾಳಿಕೊಂಡು ಅಳೆಯುವುದು 3 ವೋಲ್ಟು. ಮಧ್ಯದಲ್ಲಿ ರೆಸಿಸ್ಟರ್ ಹಾಕಿ ಇಳಿಸಿ, ರಕ್ಷಣೆಗೆ ಡಯೋಡ್ ಕೂಡ ಇಡಿ. ಮತ್ತೆ, ಈ ಬೋರ್ಡನ್ನು ಪ್ರಿಆಂಪ್ ಡಬ್ಬಿಯೊಳಗೇ ತುರುಕಬೇಡಿ. ಮೈಕಿನ ಸಣ್ಣ ಸಿಗ್ನಲ್ ಪಕ್ಕದಲ್ಲಿ 12 ಮೆಗಾಹರ್ಟ್ಸ್ ಕ್ಲಾಕ್ ಕೂತರೆ ಗೊಯ್ಯೋ ಅನ್ನುತ್ತಿರುತ್ತದೆ. ಬೇರೆ ಡಬ್ಬಿ, ಬೇರೆ ಪವರ್ ಸಪ್ಲೈ.

ನನ್ನನ್ನು ಕೇಳಿದರೆ, ಮೊದಲನೇ ಸಲ ಕನ್ವರ್ಟರ್ ಕೊಂಡುಬಿಡಿ. ಬೆಹ್ರಿಂಗರ್ ಎಡಿಎ8200 ಥರದ ಪೆಟ್ಟಿಗೆ ಎಂಟು ಲೈನ್ ಇನ್‌ಪುಟ್ ತೆಗೆದುಕೊಂಡು ಅಡಾಟ್ ಕೊಡುತ್ತದೆ. ಅದರಲ್ಲೂ ಪ್ರಿಆಂಪ್ ಇದೆ, ನಿಮ್ಮ ಡಬ್ಬಿಯೇ ಬೇಡ ಅಂತ ಯಾರಾದರೂ ಹೇಳಬಹುದು. ಕಿವಿಗೆ ಹಾಕಿಕೊಳ್ಳಬೇಡಿ, ನಾವೇ ಮಾಡಿದ್ದರ ಸುಖ ಬೇರೆ. ನಿಮ್ಮ ಪ್ರಿಆಂಪನ್ನು ಅದರ ಲೈನ್ ಜಾಕಿಗೆ ಕೊಟ್ಟು, ಅದರ ಗೇನ್ ಪೂರ್ತಿ ಇಳಿಸಿ ಶುರು ಮಾಡಿ. ಈಗಿರುವ ಇಂಟರ್‌ಫೇಸಿನಲ್ಲಿ ಅಡಾಟ್ ಇನ್ ಇಲ್ಲದಿದ್ದರೆ ಲೆಕ್ಕ ಬೇರೆ. ಆಗ ಎರಡೆರಡು ಪೆಟ್ಟಿಗೆ ಯಾಕೆ, ಎಂಟು ಲೈನ್ ಇನ್‌ಪುಟ್ ಇರುವ ಒಂದೇ ಯುಎಸ್‌ಬಿ ಇಂಟರ್‌ಫೇಸ್ ತಂದರೆ ಕಿರಿಕಿರಿ ಕಡಿಮೆ.

ಅಡಾಟ್ ಹಿಡಿದರೆ ಒಂದು ಸೆಟ್ಟಿಂಗ್ ಮರೆಯಬೇಡಿ. ಕನ್ವರ್ಟರ್ ತನ್ನದೇ ಕ್ಲಾಕಿನಲ್ಲಿ 48ಕ್ಕೆ ಓಡಲಿ, ಇಂಟರ್‌ಫೇಸಿನ ಕ್ಲಾಕನ್ನು ‘ಅಡಾಟ್’ಗೆ ಇಡಿ. ಜಾಗಟೆ ಒಬ್ಬರ ಕೈಯಲ್ಲೇ ಇರಬೇಕು. ಇಬ್ಬರೂ ತಮ್ಮ ತಮ್ಮ ಕ್ಲಾಕಿನಲ್ಲಿ ಓಡಿದರೆ ಆಗಾಗ ‘ಟಿಕ್’ ಅನ್ನುತ್ತದೆ. ಚಂಡೆಯ ಸದ್ದಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ ಮನೆಯಲ್ಲಿ ಶ್ರುತಿಪೆಟ್ಟಿಗೆ ಹಾಕಿಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಒಂದೂ ಟಿಕ್ ಬರಬಾರದು.

ಪ್ರಶ್ನೆ: ಕಾರವಾರದಿಂದ. ನಮ್ಮಲ್ಲಿ ರಂಗಸ್ಥಳಕ್ಕೂ ರೆಕಾರ್ಡಿಂಗ್ ಮೇಜಿಗೂ 30 ಮೀಟರ್ ದೂರ. ಕನ್ವರ್ಟರನ್ನು ರಂಗಸ್ಥಳದ ಹತ್ತಿರ ಇಟ್ಟು ಅಷ್ಟುದ್ದದ ಆಪ್ಟಿಕಲ್ ವಯರ್ ಎಳೆಯಬಹುದೇ?

ಉತ್ತರ: ಬೇಡ. ಈ ಪ್ಲಾಸ್ಟಿಕ್ ಫೈಬರ್ 5 ಮೀಟರ್‌ವರೆಗೆ ನೆಮ್ಮದಿ, 10 ಮೀಟರ್ ಅಂದರೆ ಅದೃಷ್ಟ. ಜನ ತುಳಿದರೆ, ಚೂಪಾಗಿ ಮಡಚಿದರೆ ಹೋಯಿತು. ಮೈಕಿನ ಬ್ಯಾಲೆನ್ಸ್ಡ್ (ಹೊರಗಿನ ಗುಂಯ್ ಸೇರದ ಹಾಗೆ ಎರಡು ತಂತಿಯಲ್ಲಿ ಸಿಗ್ನಲ್ ಒಯ್ಯುವ) ಕೇಬಲ್ಲನ್ನೇ 30 ಮೀಟರ್ ಎಳೆದು, ಕನ್ವರ್ಟರನ್ನು ಲ್ಯಾಪ್‌ಟಾಪಿನ ಪಕ್ಕ ಇಡಿ. ಒಂದು ಲಾಭ ಮಾತ್ರ ದೊಡ್ಡದು: ಬೆಳಕಿನ ವಯರಿನಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾಗಿ ಜನರೇಟರಿನ ಗುಂಯ್ ಅದರ ಮೂಲಕ ದಾಟಿ ಬರುವುದಿಲ್ಲ. ಕಡಲ ಉಪ್ಪುಗಾಳಿ ನಿಮಗೇ ಗೊತ್ತು, ಕೆಲಸ ಮುಗಿದ ಕೂಡಲೇ ಆಪ್ಟಿಕಲ್ ತೂತಿಗೆ ಆ ಸಣ್ಣ ಮುಚ್ಚಳ ಹಾಕಿ. ಪೆಟ್ಟಿಗೆಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ.

ಪ್ರಶ್ನೆ: ಎಂಟು ಚಾನೆಲ್ ಒಂದೇ ಫೈಲಿಗೆ ರೆಕಾರ್ಡ್ ಮಾಡಿದರೆ ಒಂದು ಗಂಟೆ ಆದ ಮೇಲೆ ನಿಂತುಬಿಡುತ್ತದೆ. ಲ್ಯಾಪ್‌ಟಾಪ್ ಹಳೇದಾಯಿತಾ?

ಉತ್ತರ: ಲ್ಯಾಪ್‌ಟಾಪಿನ ತಪ್ಪಲ್ಲ. ಸಾದಾ ವೇವ್ ಫೈಲು 4 ಜಿಬಿ ದಾಟುವುದಿಲ್ಲ. ಎಂಟು ಚಾನೆಲ್, 24 ಬಿಟ್, 48 ಕಿಲೋಹರ್ಟ್ಸ್ ಅಂದರೆ ಸರಿಸುಮಾರು 62 ನಿಮಿಷಕ್ಕೆ ಅದು ತುಂಬುತ್ತದೆ. ಪ್ರತಿ ಮೈಕಿಗೂ ಬೇರೆ ಮೋನೋ ಫೈಲ್ ಆಗುವ ಹಾಗೆ ಸೆಟ್ ಮಾಡಿ, ಆಗ ಒಂದೊಂದೂ ಎಂಟು ಗಂಟೆ ದಾಟುತ್ತದೆ. ಸಾಫ್ಟ್‌ವೇರಿನಲ್ಲಿ ಆರ್‌ಎಫ್64 (4 ಜಿಬಿ ದಾಟಬಲ್ಲ ವೇವ್ ಥರದ ಫೈಲು) ಇದ್ದರೆ ಅದನ್ನೇ ಆರಿಸಿಕೊಳ್ಳಿ, ಬೆಳಗಿನವರೆಗಿನ ಆಟಕ್ಕೂ ತೊಂದರೆ ಇಲ್ಲ.