ಚಾಂಪಿಯನ್ಸ್ ಆಟವನ್ನು ಹೊಸಬರಿಗೆ ಹೇಗೆ ಕಲಿಸಬೇಕು?

ಕಲಬುರಗಿಯಲ್ಲಿ ಗೆಳೆಯರಿಗೆ ಚಾಂಪಿಯನ್ಸ್ (ಒಬ್ಬೊಬ್ಬರೂ ಒಂದೊಂದು ಸೂಪರ್ ಹೀರೋ ಆಗಿ, ದಾಳ ಎಸೆದು ಕಥೆ ನಡೆಸುವ ಆಟ) ಆಡಿಸೋಣ ಅಂತ ಹೊರಟರೆ, ಹೀರೋ ತಯಾರಿಸುವಷ್ಟರಲ್ಲೇ ಎಲ್ಲರೂ ಸುಸ್ತಾದರು ಅಂತ ಬರೆದಿದ್ದೀರಿ. ನಾನೂ ಇದೇ ಊರಲ್ಲಿ ಹೊಸಬರಿಗೆ ಈ ಆಟ ಆಡಿಸುತ್ತೇನೆ. ಮೊದಲ ದಿನ ಹೀರೋ ತಯಾರಿಸೋಕೆ ಅವರನ್ನು ಕೂರಿಸಲೇಬೇಡಿ.

1981ರಲ್ಲಿ ಬಂದ ಈ ಆಟದಲ್ಲಿ ಜಾಸ್ತಿ ಕಷ್ಟ ಇರುವುದೇ ಅಲ್ಲಿ. ಆರನೇ ಆವೃತ್ತಿಯಲ್ಲಿ ಒಬ್ಬ ಸಾಮಾನ್ಯ ಸೂಪರ್ ಹೀರೋಗೆ 400 ಅಂಕ, ಅದರಲ್ಲೇ ಅವನ ಬಲ, ಶಕ್ತಿ ಎಲ್ಲ ಕೊಳ್ಳಬೇಕು. ಆ ಲೆಕ್ಕ ನೀವೇ ಮಾಡಿ. "ನಿನ್ನ ಹೀರೋ ಏನು ಮಾಡ್ತಾನೆ?" ಅಂತ ಮಾತ್ರ ಅವರನ್ನು ಕೇಳಿ. ಹಾರ್ತಾನೆ, ಬೆಂಕಿ ಎಸೀತಾನೆ ಅಂದರೆ ಸಾಕು, ಹೀರೋನ ಅಂಕಗಳ ಹಾಳೆ ನೀವು ಬರೆದು ತನ್ನಿ. ದಾಳಕ್ಕೆ ಚಿಂತೆ ಇಲ್ಲ. ಆರು ಮುಖದ ಲೂಡೋ ದಾಳಗಳೇ ನಡೆಯುತ್ತವೆ, ಸೂಪರ್ ಮಾರ್ಕೆಟ್ ಕಡೆ ಹೋದಾಗ ಒಂದು ಹಿಡಿ ತಂದಿಡಿ.

ಏಟು ಬಿತ್ತೋ ಇಲ್ವೋ ಅನ್ನುವ ಲೆಕ್ಕಕ್ಕೆ ಹೊಸಬರು ತಡವರಿಸುತ್ತಾರೆ. ಓಸಿವಿ ಅಂದರೆ ಏಟು ಹಾಕುವವನ ಅಂಕ, ಡಿಸಿವಿ ಅಂದರೆ ತಪ್ಪಿಸಿಕೊಳ್ಳುವವನ ಅಂಕ. 11ಕ್ಕೆ ಓಸಿವಿ ಕೂಡಿಸಿ ಹಾಳೆಯ ಮೇಲೆ ದಪ್ಪಗೆ ಬರೆಯಿರಿ. ಓಸಿವಿ 8 ಇದ್ದರೆ 19. ಮೂರು ದಾಳ ಎಸೆದು, ಬಿದ್ದದ್ದನ್ನು ಅದರಲ್ಲಿ ಕಳೆಯಲಿ. 12 ಬಿದ್ದರೆ 7 ಉಳಿಯುತ್ತದೆ. ಎದುರಾಳಿಯ ಡಿಸಿವಿ 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಏಟು ಬಿತ್ತು. ಎದುರಾಳಿಯ ಅಂಕ ನೀವು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ.

ಇನ್ನು ಸ್ಪೀಡ್, ಅಂದರೆ ಒಂದು ಸುತ್ತಿನಲ್ಲಿ ಎಷ್ಟು ಸಲ ಸರದಿ ಬರುತ್ತದೆ ಅನ್ನೋದು. ಒಂದು ಸುತ್ತಿಗೆ 12 ಸೆಗ್ಮೆಂಟ್, ಅಂದರೆ 12 ತುಣುಕು. ಮೊದಲ ದಿನ ಎಲ್ಲ ಹೀರೋಗಳಿಗೂ ಸ್ಪೀಡ್ 4 ಕೊಡಿ. 3, 6, 9, 12ರಲ್ಲಿ ಎಲ್ಲರ ಸರದಿ ಒಟ್ಟಿಗೇ ಬರುತ್ತದೆ. ಪುಂಡರಿಗೆ ಸ್ಪೀಡ್ 2 ಇಡಿ, ಅವರಿಗೆ 6 ಮತ್ತು 12 ಮಾತ್ರ. ತಾವು ಎರಡು ಸಲ ಕೈಬೀಸುವಷ್ಟರಲ್ಲಿ ಪುಂಡರಿಗೆ ಒಂದೇ ಸಲ ಅಂತ ಗೊತ್ತಾದಾಗ ಆಡುವವರ ಮುಖ ನೋಡಬೇಕು!

ಕಥೆ ಅವರು ನೋಡಿರುವ ಜಾಗದಲ್ಲೇ ನಡೆಯಲಿ. ನಮ್ಮ ಕೋಟೆಯ ದೊಡ್ಡ ತೋಪನ್ನು ಪುಂಡರು ಎಗರಿಸೋಕೆ ಬಂದಿದ್ದಾರೆ ಅನ್ನಿ. "ನಾನು ತೋಪನ್ನೇ ಎತ್ತಲಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬಲ 10 ಇದ್ದರೆ 100 ಕಿಲೋ ಎತ್ತಬಹುದು, ಆಮೇಲೆ ಪ್ರತಿ 5ಕ್ಕೆ ದುಪ್ಪಟ್ಟು. 60 ಇದ್ದವನಿಗೆ ಸುಮಾರು 100 ಟನ್! ಖುಷಿಯಿಂದ ಎತ್ತಲಿ ಬಿಡಿ.

ಎಂಡ್ಯುರೆನ್ಸ್ (ಶಕ್ತಿ ಬಳಸಿದಾಗ ಖರ್ಚಾಗುವ ದಮ್ಮು), ಬಾಡಿ (ಎಷ್ಟು ಗಾಯ ತಡೆಯಬಲ್ಲ ಅನ್ನೋದು) ಲೆಕ್ಕ ಎರಡನೇ ದಿನಕ್ಕಿರಲಿ. ಆಗ ಸ್ಪೀಡ್ 6ರ ಒಬ್ಬ ಖಳನನ್ನೂ ತನ್ನಿ. ಅಷ್ಟರಲ್ಲಿ "ನನ್ನ ಹೀರೋಗೆ ಇನ್ನೊಂದು ಶಕ್ತಿ ಬೇಕು, ಎಷ್ಟು ಅಂಕ?" ಅಂತ ಅವರೇ ಕೇಳುತ್ತಾರೆ. ಪುಸ್ತಕ ಆವಾಗ ತೆಗೆಯಿರಿ, ಪಕ್ಕದಲ್ಲೇ ಕೂತು ಲೆಕ್ಕ ಹಾಕಿಸಿ.