ಕೆಳಗಿನ ಲೀಗುಗಳ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಫುಟ್‌ಬಾಲ್ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಟಿ.ವಿ.ಯಲ್ಲಿ ದಿನವೂ ಕಾಣುವ ದೊಡ್ಡ ಕ್ಲಬ್ಬುಗಳ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಎಲ್ಲವೂ ಕೆಳಹಂತದ ಲೀಗುಗಳವು, ಅದೇ ನಮಗೆ ಹೆಚ್ಚು ಖುಷಿ ಕೊಟ್ಟಿತು.

ಇಂಗ್ಲೆಂಡಿನ ನಾಲ್ಕನೇ ಹಂತದ ಲೀಗ್ ಟೂ ತಂಡವೊಂದನ್ನು ಬೆಂಬಲಿಸುತ್ತೇನೆ. 18 ಪಂದ್ಯಕ್ಕೆ 27 ಪಾಯಿಂಟ್, ಗೋಲು ಅಂತರ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದದ್ದು) ಪ್ಲಸ್ 2, ಸ್ಥಾನ 9. ಏಳನೇ ಸ್ಥಾನದ ತಂಡ 20 ಪಂದ್ಯ ಆಡಿ 29 ಪಾಯಿಂಟ್ ಗಳಿಸಿದೆ. ನಮ್ಮವರು ಬಡ್ತಿಯ ಆಸೆ ಇಟ್ಟುಕೊಳ್ಳಬಹುದೇ? (ಓದುಗರು, ತುಮಕೂರು)

ಇಟ್ಟುಕೊಳ್ಳಬಹುದು. ಆದರೆ ಮೊದಲು ಪಟ್ಟಿಯಲ್ಲಿ ಸ್ಥಾನ ನೋಡುವುದನ್ನು ಬಿಡಿ. ನವೆಂಬರ್, ಡಿಸೆಂಬರ್‌ನಲ್ಲಿ ಪಾಯಿಂಟ್ ಪಟ್ಟಿಯ ಸ್ಥಾನದಷ್ಟು ದಾರಿ ತಪ್ಪಿಸುವುದು ಬೇರೊಂದಿಲ್ಲ. ಮಳೆಗೆ, ಮಂಜಿಗೆ ಅಂಗಳ ಹಾಳಾಗಿ ಪಂದ್ಯ ಮುಂದೆ ಹೋಗಿರುತ್ತದೆ, ಕಪ್ ಪಂದ್ಯಗಳಿಗೆ ಶನಿವಾರಗಳು ಹೋಗಿರುತ್ತವೆ. ಹೀಗಾಗಿ ಯಾರೂ ಸಮನಾಗಿ ಆಡಿರುವುದಿಲ್ಲ.

ಒಂದು ಪಂದ್ಯಕ್ಕೆ ಎಷ್ಟು ಪಾಯಿಂಟ್ ಎಂದು ಭಾಗಿಸಿ. ನಿಮ್ಮದು 27 ಭಾಗ 18, ಅಂದರೆ 1.5. ಏಳನೆಯವರದು 29 ಭಾಗ 20, ಅಂದರೆ 1.45. ಪಟ್ಟಿಯಲ್ಲಿ ಹಿಂದೆ ಕಂಡರೂ ವೇಗದಲ್ಲಿ ನೀವು ಕೂದಲೆಳೆಯಷ್ಟು ಮುಂದೆ ಇದ್ದೀರಿ.

ಲೀಗ್ ಟೂನಲ್ಲಿ 24 ತಂಡ, ಪ್ರತಿ ತಂಡಕ್ಕೆ 46 ಪಂದ್ಯ. ಮೊದಲ ಮೂವರು ನೇರವಾಗಿ ಮೇಲೆ ಹೋಗುತ್ತಾರೆ. 4ರಿಂದ 7ರವರೆಗಿನ ನಾಲ್ವರು ಪ್ಲೇಆಫ್ ಆಡಿ ಒಬ್ಬರು ಹೋಗುತ್ತಾರೆ. ಏಳನೇ ಸ್ಥಾನಕ್ಕೆ ಸಾಮಾನ್ಯವಾಗಿ 70ರ ಆಸುಪಾಸು ಬೇಕು, ಮೂರನೆಯದಕ್ಕೆ 80ರ ಆಸುಪಾಸು. ಈಗಿನ ವೇಗದಲ್ಲೇ ಹೋದರೆ ಉಳಿದ 28 ಪಂದ್ಯದಲ್ಲಿ 42 ಬಂದು ಒಟ್ಟು 69ಕ್ಕೆ ನಿಲ್ಲುತ್ತೀರಿ. 72 ಮುಟ್ಟಲು 45 ಬೇಕು, ಅಂದರೆ ಇಡೀ ಚಳಿಗಾಲ, ವಸಂತ ಸೇರಿ ಒಂದೇ ಒಂದು ಹೆಚ್ಚಿನ ಗೆಲುವು. 80ಕ್ಕೆ 53 ಬೇಕು, ಪಂದ್ಯಕ್ಕೆ 1.9ರ ಹತ್ತಿರ. ಅದು ಬೇರೆಯದೇ ತಂಡದ ಆಟ. ಆದ್ದರಿಂದ ನಿಮ್ಮ ಗುರಿ ಪ್ಲೇಆಫ್, ನೇರ ಬಡ್ತಿಯಲ್ಲ.

ಇನ್ನು ಈ 27 ಪಾಯಿಂಟ್ ದುಡಿದದ್ದೋ ಅದೃಷ್ಟದ್ದೋ ಎಂದು ಗೋಲು ಅಂತರ ಹೇಳುತ್ತದೆ. ನಾಲ್ಕರಲ್ಲಿ ಒಂದು ಪಂದ್ಯ ಡ್ರಾ ಆಗುತ್ತದೆಂದು ಹಿಡಿದರೆ ಸರಾಸರಿ ತಂಡಕ್ಕೆ ಪಂದ್ಯವೊಂದಕ್ಕೆ 1.37ರಷ್ಟು ಪಾಯಿಂಟ್ ಬೀಳುತ್ತದೆ. 18 ಪಂದ್ಯಕ್ಕೆ ಅದು ಸುಮಾರು 25. ಅದರ ಮೇಲೆ ಗೋಲು ಅಂತರದ ಪ್ರತಿ ಗೋಲಿಗೆ 0.65 ಸೇರಿಸಿ. ನಿಮ್ಮ ಪ್ಲಸ್ 2ಕ್ಕೆ 1.3 ಬಂದು 26 ಆಯಿತು. ಇರುವುದು 27, ಲೆಕ್ಕ ಸರಿಯಾಗಿಯೇ ಇದೆ. ಇದೇ ತಂಡಕ್ಕೆ 33 ಪಾಯಿಂಟ್ ಇದ್ದು ಅಂತರ ಪ್ಲಸ್ 2 ಮಾತ್ರ ಆಗಿದ್ದರೆ ನಾವು ಹೆದರುತ್ತಿದ್ದೆವು. ಒಂದೊಂದು ಗೋಲಿನಿಂದ ಗೆದ್ದ ಪಂದ್ಯಗಳು ವಸಂತದ ಹೊತ್ತಿಗೆ ಡ್ರಾ ಆಗತೊಡಗುತ್ತವೆ. ಒಂದೇ ಪಂದ್ಯದಲ್ಲಿ ಐದಾರು ಗೋಲು ಹೊಡೆದಿದ್ದರೆ ಅದನ್ನು ತೆಗೆದಿಟ್ಟು ಲೆಕ್ಕ ಹಾಕಿ, ಇಲ್ಲದಿದ್ದರೆ ಆ ಒಂದು ಮಧ್ಯಾಹ್ನವೇ ಇಡೀ ಸಂಖ್ಯೆಯನ್ನು ಉಬ್ಬಿಸುತ್ತದೆ.

ಬಾಕಿ ಉಳಿದ ಪಂದ್ಯಗಳನ್ನು ಕೈಯಲ್ಲಿರುವ ಪಾಯಿಂಟ್ ಎಂದು ಯಾವತ್ತೂ ಎಣಿಸಬೇಡಿ. ಅವನ್ನು ಮಂಗಳವಾರ ರಾತ್ರಿಗಳಲ್ಲಿ ತುರುಕುತ್ತಾರೆ. ಶನಿವಾರ, ಮಂಗಳವಾರ, ಮತ್ತೆ ಶನಿವಾರ ಆಡುವಾಗ 16–17 ಆಟಗಾರರ ತಂಡಕ್ಕೆ ಮೊದಲು ಕೈಕೊಡುವುದು ತೊಡೆಯ ಹಿಂಭಾಗದ ಸ್ನಾಯು. ಜನವರಿಯಲ್ಲಿ ಇನ್ನೊಂದು ಅಪಾಯವಿದೆ: ನಿಮ್ಮ ಗೋಲು ಹೊಡೆಯುವವನು ಮೇಲಿನ ಕ್ಲಬ್ಬಿನಿಂದ ಎರವಲು ಬಂದ ಹುಡುಗನಾದರೆ ಅವನನ್ನು ವಾಪಸ್ ಕರೆಸಿಕೊಳ್ಳಬಹುದು. ಗೋಲುಗಳಲ್ಲಿ ಅರ್ಧದಷ್ಟು ಅವನೊಬ್ಬನದೇ ಆಗಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಫೆಬ್ರುವರಿಯಲ್ಲಿ ಹೊಸದಾಗಿ ಹಾಕಿ.

ಏಳನೇ ಸ್ಥಾನವೆಂದು ಕಡೆಗಣಿಸುವವರಿಗೆ ಕ್ರಾಲಿ ಟೌನ್ ಉತ್ತರ. 2023-24ರಲ್ಲಿ ಏಳನೆಯವರಾಗಿ ಪ್ಲೇಆಫ್‌ಗೆ ಬಂದರು, ಸೆಮಿಫೈನಲ್‌ನಲ್ಲಿ ಎಂ.ಕೆ. ಡಾನ್ಸ್ ತಂಡವನ್ನು ಎರಡು ಪಂದ್ಯ ಸೇರಿ 8–1ರಿಂದ ಮಣಿಸಿದರು, ವೆಂಬ್ಲಿಯಲ್ಲಿ ಕ್ರೂ ಅಲೆಕ್ಸಾಂಡ್ರಾ ವಿರುದ್ಧ 2–0 ಗೆದ್ದು ಮೇಲೆ ಹೋದರು. ಮರುವರ್ಷವೇ ಕೆಳಗೆ ಬಂದರು ಎಂಬುದೂ ನಿಜ. ಆದರೆ ಆ ಮೇ ತಿಂಗಳನ್ನು ಅವರ ಬೆಂಬಲಿಗರಿಂದ ಯಾರೂ ಕಿತ್ತುಕೊಳ್ಳಲಾರರು.

107 ಪಾಯಿಂಟ್ ಗಳಿಸಿಯೂ ನೇರ ಬಡ್ತಿ ಸಿಗದ ತಂಡ ಇದೆಯಂತೆ, ಹೌದೇ? (ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್)

ಹೌದು, ನಾಟ್ಸ್ ಕೌಂಟಿ. ಲೀಗ್ ಟೂ ಕೆಳಗಿನ ನ್ಯಾಷನಲ್ ಲೀಗ್‌ನಲ್ಲಿ 2022-23ರ ಮಾತು. ರೆಕ್ಸಮ್ 111, ನಾಟ್ಸ್ ಕೌಂಟಿ 107. ಅಲ್ಲಿ ಚಾಂಪಿಯನ್ ಒಬ್ಬರಿಗೆ ಮಾತ್ರ ನೇರ ಬಾಗಿಲು. ಎರಡರಿಂದ ಏಳರವರೆಗಿನ ಆರು ತಂಡಗಳು ಉಳಿದ ಒಂದೇ ಸ್ಥಾನಕ್ಕೆ ಪ್ಲೇಆಫ್ ಆಡಿದವು. ನಾಟ್ಸ್ ಕೌಂಟಿ ವೆಂಬ್ಲಿಯ ಫೈನಲ್‌ನಲ್ಲಿ ಚೆಸ್ಟರ್‌ಫೀಲ್ಡ್ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ಹೇಗೋ ದಾಟಿತು. 46 ಪಂದ್ಯದಲ್ಲಿ 107 ಗಳಿಸಿದ ತಂಡದ ವರ್ಷವನ್ನು ಪೆನಾಲ್ಟಿಗೆ ಒಪ್ಪಿಸುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಮೂರು ತಂಡಗಳಿಗೆ ಬಡ್ತಿ ಕೊಡಿ ಎಂದು ಆ ಲೀಗಿನ ಕ್ಲಬ್ಬುಗಳು ಒತ್ತಾಯಿಸುವುದು ಪೂರ್ತಿ ಸರಿ.

ಇಂಗ್ಲೆಂಡಿನ ಪಂದ್ಯಗಳ ಹೊತ್ತು ಪ್ರತಿ ವರ್ಷ ಗೊಂದಲ. ಒಮ್ಮೆ ಏಳೂವರೆ, ಒಮ್ಮೆ ಎಂಟೂವರೆ. (ಓದುಗರು, ಚಿಂತಾಮಣಿ)

ಅಲ್ಲಿ ಗಡಿಯಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ಶನಿವಾರ ಅಲ್ಲಿಯ ಮಧ್ಯಾಹ್ನ 3ರ ಪಂದ್ಯ ಬೇಸಿಗೆ ವೇಳೆಯಲ್ಲಿ ನಮಗೆ ರಾತ್ರಿ 7.30, ಅಕ್ಟೋಬರ್ ಕೊನೆಯ ಭಾನುವಾರದಿಂದ 8.30, ಮಾರ್ಚ್ ಕೊನೆಯ ಭಾನುವಾರದಿಂದ ಮತ್ತೆ 7.30. ವಾರದ ನಡುವೆ ರಾತ್ರಿ 7.45ಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ನಡುರಾತ್ರಿ 1.15.

ಕ್ಲಬ್ ಹಣದ ತೊಂದರೆಗೆ ಸಿಕ್ಕರೆ ಪಾಯಿಂಟ್ ಕಡಿತ ಮಾಡುತ್ತಾರಲ್ಲ, ಅದನ್ನು ಮೊದಲೇ ಗುರುತಿಸಬಹುದೇ? (ಓದುಗರು, ತಿಪಟೂರು)

ಬಹಳಮಟ್ಟಿಗೆ ಗುರುತಿಸಬಹುದು. ಇಂಗ್ಲಿಷ್ ಲೀಗ್‌ನಲ್ಲಿ ಸಾಲ ತೀರಿಸಲಾರದೆ ಕ್ಲಬ್ಬನ್ನು ಆಡಳಿತಾಧಿಕಾರಿಯ ಕೈಗೆ ಒಪ್ಪಿಸಿದರೆ 12 ಪಾಯಿಂಟ್ ಹೋಗುತ್ತದೆ. ಅದಕ್ಕೆ ಮುಂಚಿನ ಲಕ್ಷಣಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತವೆ. ವಾರ್ಷಿಕ ಲೆಕ್ಕಪತ್ರ ಗಡುವು ಮೀರುತ್ತದೆ. ಹೊಸ ಆಟಗಾರರನ್ನು ಸೇರಿಸಿಕೊಳ್ಳಬಾರದೆಂದು ಲೀಗ್ ನಿರ್ಬಂಧ ಹಾಕುತ್ತದೆ, ಆ ಪಟ್ಟಿಯನ್ನು ಲೀಗ್ ಬಹಿರಂಗವಾಗಿಯೇ ಪ್ರಕಟಿಸುತ್ತದೆ. ಆಮೇಲೆ ತಿಂಗಳ ಸಂಬಳ ತಡವಾದ ಸುದ್ದಿ. ಕ್ರೀಡಾಂಗಣದ ಜಾಗವನ್ನು ಮಾಲೀಕರದೇ ಬೇರೆ ಕಂಪನಿಗೆ ಮಾರಿದ್ದು ತಿಳಿದರಂತೂ ಬೆಂಬಲಿಗರು ಕೂಡಲೇ ಎಚ್ಚರಗೊಳ್ಳಬೇಕು.

ಡರ್ಬಿ ಕೌಂಟಿಗೆ 2021-22ರಲ್ಲಿ ಒಟ್ಟು 21 ಪಾಯಿಂಟ್ ಹೋಗಿ ತಂಡ ಕೆಳಗಿಳಿಯಿತು. ಬರಿ (Bury) ಎಂಬ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಹಾಕಲಾಯಿತು. ಲ್ಯೂಟನ್ ಟೌನ್ 2008-09ರ ಋತುವನ್ನು ಮೈನಸ್ 30ರಿಂದ ಶುರುಮಾಡಿ ಲೀಗಿನಿಂದ ಹೊರಬಿತ್ತು, ಐದು ಋತು ಹೊರಗೇ ಇತ್ತು. ಅದೇ ಲ್ಯೂಟನ್ 2023-24ರಲ್ಲಿ ಪ್ರೀಮಿಯರ್ ಲೀಗ್ ಆಡಿತು. ಆ ಕೆಟ್ಟ ವರ್ಷಗಳಲ್ಲಿ ಟಿಕೆಟ್ ಕೊಂಡು ಬಂದು ಕೂತ ಜನರಿಂದಲೇ ಕ್ಲಬ್ ಉಳಿಯಿತು. ಬೆಂಬಲಿಗರೆಂದರೆ ಅವರು.

ನಮ್ಮ ಹತ್ತಿರದಲ್ಲೇ ಕೆಳಹಂತದ ಒಳ್ಳೆಯ ಪಂದ್ಯ ನೋಡುವುದಾದರೆ ಎಲ್ಲಿ? ಹೋಗುವುದು ಹೇಗೆ, ಏನು ನೋಡಬೇಕು? (ಓದುಗರು, ಗುಬ್ಬಿ)

ಬೆಂಗಳೂರಿನ ಅಶೋಕನಗರದಲ್ಲಿರುವ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ನೆಲೆ ಅದೇ, ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನ ಪಂದ್ಯಗಳು ಅಲ್ಲಿ ನಡೆಯುತ್ತವೆ. ತುಮಕೂರು ಕಡೆಯವರು ರೈಲಿನಲ್ಲಿ ಬೆಂಗಳೂರು ನಿಲ್ದಾಣಕ್ಕೆ ಬಂದು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿಯಬಹುದು. ಬಸ್ಸಿನವರು ಮಾದಾವರದಲ್ಲೇ ಇಳಿದು ಹಸಿರು ಮಾರ್ಗ ಹಿಡಿದರೆ ಪೀಣ್ಯದ ದಟ್ಟಣೆ ತಪ್ಪುತ್ತದೆ, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿದರಾಯಿತು. ಕೆಜಿಎಫ್, ಬಂಗಾರಪೇಟೆಯವರು ರೈಲಿನಲ್ಲಿ ಬಂದು ದಂಡು ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಿರಿ. ಪಂದ್ಯಗಳು ವಾರದ ದಿನಗಳ ಮಧ್ಯಾಹ್ನವೂ ಇರುತ್ತವೆ, ವೇಳಾಪಟ್ಟಿ ಬದಲಾಗುತ್ತಲೂ ಇರುತ್ತದೆ. ಹೊರಡುವ ದಿನ ಬೆಳಿಗ್ಗೆ ಒಮ್ಮೆ ಖಚಿತಪಡಿಸಿಕೊಳ್ಳಿ.

ಅಲ್ಲಿ ಕೃತಕ ಹುಲ್ಲು. ಚೆಂಡು ವೇಗವಾಗಿ ಉರುಳುತ್ತದೆ, ಬಿಸಿಲಿಗೆ ಅಂಗಳ ಕಾಯುತ್ತದೆ. ಅರವತ್ತನೇ ನಿಮಿಷದ ನಂತರ ಯಾವ ತಂಡದ ನಡುಸಾಲಿನವರು ಹಿಂದಕ್ಕೆ ಓಡಿಬರುತ್ತಾರೆ, ಯಾರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ ಎಂದು ನೋಡಿ. ಗೋಲ್‌ಕೀಪರ್ ಉದ್ದಕ್ಕೆ ಒದ್ದ ಚೆಂಡು ತಲೆಗೆ ತಾಗಿ ಕೆಳಗೆ ಬಿದ್ದಾಗ ಅದು ಯಾರ ಪಾಲಾಗುತ್ತದೆ ಎಂದೂ ಎಣಿಸಿ. ಈ ಹಂತದಲ್ಲಿ ಪಂದ್ಯ ಗೆಲ್ಲುವುದು ಬಹುತೇಕ ಆ ಬಿದ್ದ ಚೆಂಡಿನಿಂದಲೇ.

ಋತುವಿನ ಭವಿಷ್ಯ ಊಹಿಸುವಾಗ ಇಲ್ಲಿಯದೇ ಆದ ಕೆಲವು ಸಂಗತಿಗಳಿವೆ. ಸೇನೆಯ ಎಂ.ಇ.ಜಿ., ಎ.ಎಸ್‌.ಸಿ. ತಂಡಗಳ ಆಟಗಾರರು ಸರ್ವಿಸಸ್ (ಸೇನಾಪಡೆಗಳ) ತಂಡಕ್ಕೆ ಆಯ್ಕೆಯಾಗಿ ಹೋಗಬಹುದು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಬಂದರೆ ರಾಜ್ಯ ತಂಡಕ್ಕೆ ಹೋದವರ ಜಾಗ ಖಾಲಿ. ಬೆಂಗಳೂರು ಎಫ್‌.ಸಿ.ಯ ಎರಡನೇ ತಂಡದಲ್ಲಿ ಚೆನ್ನಾಗಿ ಆಡಿದ ಹುಡುಗ ಮೇಲಿನ ತಂಡಕ್ಕೆ ಹೋಗಿಬಿಡುತ್ತಾನೆ. ಆದ್ದರಿಂದ ಕಳೆದ ತಿಂಗಳ ಪಟ್ಟಿಗಿಂತ ಇವತ್ತಿನ ಹನ್ನೊಂದು ಹೆಸರು ಮುಖ್ಯ. ಈ ಹಂತದ ಆಟವನ್ನು ಕೀಳಾಗಿ ಕಾಣುವವರು 2023ರ ಮಾರ್ಚ್ 4ನ್ನು ನೆನೆಯಲಿ. ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 1968-69ರ ನಂತರ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯಕ್ಕೆ ತಂದವರು ಇಂಥ ಲೀಗುಗಳಲ್ಲಿ ಪಳಗಿದ ಹುಡುಗರು.

ಎಸ್‌.ಸಿ. ಬೆಂಗಳೂರು 2023-24ರಲ್ಲಿ ದೇಶದ ಮೂರನೇ ಹಂತದ ಐ-ಲೀಗ್ 2 ಗೆದ್ದು ಮೇಲೇರಿ, ಮರುವರ್ಷ 12 ತಂಡಗಳ ಐ-ಲೀಗ್‌ನಿಂದ ದೆಹಲಿ ಎಫ್‌.ಸಿ. ಜೊತೆ ಕೆಳಗಿಳಿದದ್ದನ್ನೂ ಇದೇ ಓದುಗರು ಕೇಳಿದ್ದಾರೆ. ಮೇಲಿನ ಹಂತದಲ್ಲಿ ಶ್ರೀನಗರ, ಐಜ್ವಾಲ್, ಶಿಲ್ಲಾಂಗ್ ಎಂದು ಪ್ರಯಾಣವೇ ದೊಡ್ಡ ಖರ್ಚು, ದೊಡ್ಡ ದಣಿವು. ವಿದೇಶಿ ಮುಂಪಡೆ ಆಟಗಾರರನ್ನು ತಡೆಯಬಲ್ಲ ಹಿಂಪಡೆ ಬೇಕು. ಬಡ್ತಿ ಸಿಕ್ಕ ಖುಷಿಯಲ್ಲಿ ಮುಂಪಡೆಗೆ ದುಡ್ಡು ಸುರಿದು ಹಿಂಪಡೆಯನ್ನು ಹಾಗೇ ಬಿಡುವುದು ಕ್ಲಬ್ಬುಗಳು ಎಲ್ಲ ಕಡೆ ಮಾಡುವ ತಪ್ಪು. ಆ ವರ್ಷದಂಥ 22 ಪಂದ್ಯದ ಲೀಗ್‌ನಲ್ಲಿ ಮೊದಲ ಆರು ಪಂದ್ಯ ಕೈತಪ್ಪಿದರೆ ಚೇತರಿಸಿಕೊಳ್ಳಲು ಇಂಗ್ಲೆಂಡಿನಷ್ಟು ವ್ಯವಧಾನವೂ ಇರುವುದಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಏಳು ತಂಡಗಳ ಭಾನುವಾರದ ಲೀಗ್ ಮಾಡುತ್ತಿದ್ದೇವೆ. ಇರುವುದು ಒಂದೇ ಮೈದಾನ. ವೇಳಾಪಟ್ಟಿಯಲ್ಲಿ ಪ್ರತಿ ಸಲ ಜಗಳ. (ಓದುಗರು, ಮಾಲೂರು)

ಏಳು ತಂಡ ಒಂದೊಂದು ಸಲ ಎದುರಾದರೆ 21 ಪಂದ್ಯ. ಏಳು ಭಾನುವಾರ, ದಿನಕ್ಕೆ ಮೂರು ಪಂದ್ಯ, ಒಂದು ತಂಡಕ್ಕೆ ರಜೆ. ಚೀಟಿ ಎತ್ತಿ ತಂಡಗಳಿಗೆ 1ರಿಂದ 7 ಸಂಖ್ಯೆ ಕೊಡಿ. ಮೊದಲ ಭಾನುವಾರ 7ಕ್ಕೆ ರಜೆ, ಪಂದ್ಯಗಳು 1–6, 2–5, 3–4. ಮುಂದಿನ ವಾರ ಪ್ರತಿ ಸಂಖ್ಯೆಯಿಂದ ಒಂದು ಕಳೆಯಿರಿ, 1 ಇದ್ದಲ್ಲಿ 7 ಬರೆಯಿರಿ: 6ಕ್ಕೆ ರಜೆ, 7–5, 1–4, 2–3. ಹೀಗೇ ಏಳು ವಾರ ಇಳಿಸುತ್ತ ಹೋದರೆ ಎಲ್ಲರೂ ಎಲ್ಲರನ್ನೂ ಎದುರಿಸಿರುತ್ತಾರೆ.

ಬರೆದ ಕ್ರಮವನ್ನು ಮಾತ್ರ ಕೆಡಿಸಬೇಡಿ. ಮೊದಲ ಜೋಡಿಗೆ ಬೆಳಿಗ್ಗೆ 7, ಎರಡನೆಯದಕ್ಕೆ 8.30, ಮೂರನೆಯದಕ್ಕೆ 10 ಎಂದು ಕಾಯಂ ಮಾಡಿದರೆ ಪ್ರತಿ ತಂಡಕ್ಕೂ ಮೂರೂ ಹೊತ್ತು ಸರಿಯಾಗಿ ಎರಡೆರಡು ಸಲ ಬೀಳುತ್ತದೆ. ಹತ್ತು ಗಂಟೆಯ ಬಿಸಿಲು ನಮಗೇ ಯಾಕೆ ಎಂಬ ತಕರಾರು ಏಳುವುದಿಲ್ಲ. ಅರ್ಧಕ್ಕೆ 30 ನಿಮಿಷ, ನಡುವೆ 10 ನಿಮಿಷ ಇಟ್ಟರೆ ಪಂದ್ಯಗಳ ನಡುವೆ 20 ನಿಮಿಷ ಉಳಿಯುತ್ತದೆ. ಗಾಯ, ತಡ, ಗೆರೆಗೆ ಸುಣ್ಣ ಹಾಕುವುದು ಎಲ್ಲಕ್ಕೂ ಅದು ಬೇಕೇಬೇಕು.

ಹೆಚ್ಚಿನ ಜಗಳ ಹುಟ್ಟುವುದು ಸಮ ಪಾಯಿಂಟ್‌ನಲ್ಲಿ. ತಾಲ್ಲೂಕು ಲೀಗ್‌ನಲ್ಲಿ ಗೋಲು ಅಂತರವನ್ನು ಮೊದಲು ನೋಡಬೇಡಿ. ಕೊನೆಯ ವಾರಗಳಲ್ಲಿ ಎಂಟೇ ಜನ ಬಂದ ತಂಡದ ಮೇಲೆ ಯಾರೋ ಹತ್ತು ಗೋಲು ಹೊಡೆಯುತ್ತಾರೆ, ಕಪ್ ಅಲ್ಲಿಗೆ ಹೋಗುತ್ತದೆ. ಸಮನಾದ ತಂಡಗಳು ಪರಸ್ಪರ ಆಡಿದ ಪಂದ್ಯದ ಫಲಿತಾಂಶ ಮೊದಲು, ಮೂರು ತಂಡ ಸಮನಾದರೆ ಆ ಮೂವರದೇ ಚಿಕ್ಕ ಪಟ್ಟಿ, ಆಮೇಲೆ ಗೋಲು ಅಂತರ. ಬಾರದ ತಂಡದ ವಿರುದ್ಧ 3–0 ಗೆಲುವು. ಒಂದು ತಂಡ ಮಧ್ಯದಲ್ಲೇ ಬಿಟ್ಟುಹೋದರೆ, ಮೂರಕ್ಕಿಂತ ಕಡಿಮೆ ಪಂದ್ಯ ಆಡಿದ್ದಲ್ಲಿ ಅವರ ಫಲಿತಾಂಶವನ್ನೆಲ್ಲ ರದ್ದು ಮಾಡಿ, ಇಲ್ಲವಾದರೆ ಉಳಿದವಕ್ಕೆ 3–0 ಕೊಡಿ.

ಕೊನೆಯ ಭಾನುವಾರಕ್ಕೆ ಎರಡನೇ ಮೈದಾನ ಸಿಗುತ್ತದೆಯೇ ನೋಡಿ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಪಂದ್ಯಗಳನ್ನು ಮುಗಿಸಿ ಕೂತಿತ್ತು. ಮರುದಿನ ಆಸ್ಟ್ರಿಯಾ ವಿರುದ್ಧ ಪಶ್ಚಿಮ ಜರ್ಮನಿ 1–0 ಮುಂದಾದ ಮೇಲೆ, ಇಬ್ಬರಿಗೂ ಅದೇ ಸಾಕೆಂದು ಗೊತ್ತಿದ್ದ ಜರ್ಮನಿ, ಆಸ್ಟ್ರಿಯಾ ಎರಡೂ ಆಡುವುದನ್ನೇ ಬಿಟ್ಟವು. ಆಗಿನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ಕಪ್ ಆಸೆ ಉಳಿದಿರುವ ತಂಡಗಳ ಎರಡು ಪಂದ್ಯ ಮಾತ್ರ ಒಟ್ಟಿಗೆ ನಡೆದರೆ ಸಾಕು. ಅದಕ್ಕೆ ಶಾಲೆಯ ಮೈದಾನ, ಇನ್ನೊಂದು ಜೊತೆ ಬಲೆ, ಇಬ್ಬರು ಹೆಚ್ಚಿನ ಲೈನ್ಸ್‌ಮನ್, ಮತ್ತೊಬ್ಬ ರೆಫರಿ ಬೇಕು. ರೆಫರಿಯನ್ನು ಮೊದಲ ವಾರವೇ ಹೇಳಿಟ್ಟುಕೊಳ್ಳಿ, ಕೊನೆಯ ವಾರ ಹುಡುಕಿದರೆ ಸಿಗುವುದಿಲ್ಲ.