ತೆರೆ ಯಾವಾಗ ಸರಿಸಬೇಕು? ಹಾರರ್ ಸಿನಿಮಾ ಮತ್ತು ರಾಜಕೀಯ ಸಾಕ್ಷ್ಯಚಿತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಹಾರರ್ ಸಿನಿಮಾಗಳನ್ನು ಬಿಡದೆ ನೋಡುತ್ತೇನೆ. ಆದರೆ ಈಚಿನವುಗಳಲ್ಲಿ ಧಡಾರ್ ಅಂತ ಶಬ್ದ ಬರುತ್ತದೆ, ಬೆಚ್ಚಿ ಬೀಳುತ್ತೇನೆ, ಬೈಕ್ ಸ್ಟಾರ್ಟ್ ಮಾಡುವಷ್ಟರಲ್ಲಿ ಎಲ್ಲ ಮರೆತಿರುತ್ತದೆ. ಮನೆಯವರೆಗೆ ಹಿಂಬಾಲಿಸುವ ಹೆದರಿಕೆ ಯಾವ ಸಿನಿಮಾದಲ್ಲಿ ಉಂಟು? (ಸುರತ್ಕಲ್‌ನ ಓದುಗರು)

ಉತ್ತರ: ಬೆಚ್ಚುವುದು ಬೇರೆ, ಹೆದರುವುದು ಬೇರೆ. ಪಕ್ಕದಲ್ಲಿ ಸ್ಟೀಲ್ ಪಾತ್ರೆ ಬಿದ್ದರೂ ನಾವು ಬೆಚ್ಚುತ್ತೇವೆ. ಹೆದರಿಕೆಗೆ ಕಾಯಿಸಬೇಕು, ಮುಚ್ಚಿಡಬೇಕು. ಇದನ್ನು ನಾನು ಕಲಿತದ್ದು ಟಾಕೀಸಿನಲ್ಲಲ್ಲ, ಗದ್ದೆಯಲ್ಲಿ. ಸಣ್ಣವನಿದ್ದಾಗ ಊರಿನಲ್ಲಿ ಯಕ್ಷಗಾನದ ಆಟ ಇದ್ದರೆ ಸಂಜೆಯೇ ಹೋಗಿ, ವೇಷ ಕಟ್ಟುವ ಚೌಕಿಯ ಬದಿಯಲ್ಲಿ ನಿಲ್ಲುತ್ತಿದ್ದೆ. ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರು ಕನ್ನಡಿ ಎದುರು ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಚುಕ್ಕಿಯಾಗಿ ಇಡುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಅವರು ಎಲೆ ಅಡಿಕೆ ಹಾಕಿಕೊಂಡು, ಯಾವ ಮನೆಯ ಹುಡುಗ ಅಂತ ನನ್ನನ್ನು ವಿಚಾರಿಸುತ್ತಿದ್ದರು. ಅದೇ ಮನುಷ್ಯರು ನಡುರಾತ್ರಿ ಕಳೆದು ರಂಗಸ್ಥಳಕ್ಕೆ ಬರುವಾಗ ಮೊದಲು ಕತ್ತಲೆಯಿಂದ ಆರ್ಭಟೆ ಕೇಳುತ್ತಿತ್ತು. ಆಮೇಲೆ ಚೆಂಡೆ. ಇಬ್ಬರು ತೆರೆ ಹಿಡಿದು ನಿಂತರೆ, ಮೇಲ್ಗಡೆ ಕಿರೀಟದ ತುದಿ ಮಾತ್ರ ಅಲ್ಲಾಡುವುದು. ದೊಂದಿಗೆ ರಾಳ ಎರಚಿದಾಗ ಒಮ್ಮೆ ಬೆಂಕಿ ಭಗ್ಗೆಂದು ಎದ್ದು ಮತ್ತೆ ಕತ್ತಲೆ. ಒಳಗಿರುವುದು ಯಾರೆಂದು ಗೊತ್ತಿದ್ದೂ ನಾನು ಮಾವನ ಪಂಚೆ ಬಿಗಿಯಾಗಿ ಹಿಡಿಯುತ್ತಿದ್ದೆ.

ಈಚಿನ ವರ್ಷಗಳಲ್ಲಿ ಆ ತೆರೆಯನ್ನು ಸರಿಯಾಗಿ ಹಿಡಿದ ಸಿನಿಮಾ ಎಂದರೆ 2024ರಲ್ಲಿ ಬಂದ ಮಲಯಾಳದ ‘ಭ್ರಮಯುಗಂ’. ರಾಹುಲ್ ಸದಾಶಿವನ್ ಇಡೀ ಸಿನಿಮಾವನ್ನು ಕಪ್ಪು ಬಿಳುಪಿನಲ್ಲಿ ತೆಗೆದರು. 17ನೇ ಶತಮಾನದ ಮಲಬಾರು, ಪಾಳುಬಿದ್ದ ದೊಡ್ಡ ಮನೆ, ಹೊರಗೆ ಎಡೆಬಿಡದ ಮಳೆ. ದಿಕ್ಕು ತಪ್ಪಿ ಬಂದ ಹಾಡುಗಾರ ತೇವನನ್ನು ಮಮ್ಮುಟ್ಟಿಯ ಕೊಡುಮಣ್ ಪೋಟ್ಟಿ ನಗುತ್ತಲೇ ಒಳಗೆ ಕರೆಯುತ್ತಾನೆ, ಊಟ ಹಾಕುತ್ತಾನೆ, ಹಾಡಿಸುತ್ತಾನೆ. ಪಗಡೆಗೆ ಕೂರಿಸಿದಾಗ ಬಡವನ ಕೈಯಲ್ಲಿ ಪಣಕ್ಕಿಡಲು ಏನೂ ಇಲ್ಲ. ಹಾಗಾದರೆ ನಿನ್ನ ಸಮಯವನ್ನೇ ಇಡು ಅನ್ನುತ್ತಾನೆ. ನನ್ನ ಮೈ ತಣ್ಣಗಾದದ್ದು ಅಲ್ಲಿ, ಮುಂದೆ ಬರುವ ಮಾಟ ಮಂತ್ರಗಳಲ್ಲಲ್ಲ. ಅನ್ನ ಹಾಕಿದ ಋಣ ತೋರಿಸಿ ಒಬ್ಬನ ಆಯುಷ್ಯವನ್ನು ನುಂಗುವ ಯಜಮಾನಿಕೆ ನಮ್ಮ ಕರಾವಳಿಗೆ ಹೊಸತೇನೂ ಅಲ್ಲವಲ್ಲ. ಆ ಸಿನಿಮಾ ನಮ್ಮನ್ನು ಮನೆಯವರೆಗೂ ಹಿಂಬಾಲಿಸುವುದು ಈ ಗುರುತಿನಿಂದ.

2018ರ ‘ತುಂಬಾಡ್’ 2024ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಗೆ ಬಂದು ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಅದರ ಮಳೆಗೆ ನಾನು ಸೋತಿದ್ದೇನೆ. ಅದರ ರಾಕ್ಷಸ ಹಸ್ತರನನ್ನು ಪೂರ್ತಿ ತೋರಿಸಿದ ಮೇಲೆ ಮಾತ್ರ ಹೆದರಿಕೆ ಇಳಿಯಿತು, ದುರಾಸೆಯ ಕತೆ ಉಳಿಯಿತು. ‘ಸ್ತ್ರೀ 2’ ನಗಿಸಲು ಸಾಕು. ಅದರ ರಾಕ್ಷಸ ಎಷ್ಟು ಸಲ ಎದುರಿಗೆ ಬರುತ್ತಾನೆಂದರೆ ಕೊನೆಗೆ ಪರಿಚಯದವನಂತೆ ಕಾಣುತ್ತಾನೆ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ‘ನಿಮ್ಮ ಊರಲ್ಲಿ ಭೂತ ಬರುತ್ತದಂತೆ, ಹೆದರಿಕೆ ಆಗುವುದಿಲ್ಲವಾ’ ಅಂತ ಅವಳ ಗೆಳತಿಯರು ಕೇಳುತ್ತಾರಂತೆ. ದೈವಗಳನ್ನು ಹಾರರ್ ಮಾಡುವುದು ಸರಿಯಾ? (ಕಾಪುವಿನ ಓದುಗರು)

ಉತ್ತರ: ಸರಿಯಲ್ಲ ಅಕ್ಕ. ಘಟ್ಟದ ಮೇಲಿನ ಭೂತಕ್ಕೂ ತುಳುನಾಡಿನ ಭೂತಕ್ಕೂ, ಅಂದರೆ ದೈವಕ್ಕೂ, ಸಂಬಂಧ ಇಲ್ಲ. ನಮ್ಮ ದೈವ ಬರುವುದು ನುಡಿ ಕೊಡಲಿಕ್ಕೆ, ಕುಟುಂಬದ ಜಗಳಕ್ಕೆ ತೀರ್ಮಾನ ಹೇಳಲಿಕ್ಕೆ. ಸತ್ತವರು ಸುಳಿದರೆ ಅದನ್ನು ನಾವು ತುಳುವಿನಲ್ಲಿ ಕುಲೆ ಅನ್ನುತ್ತೇವೆ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳ ಮದುವೆ ಮಾಡಿಸುವ ಮನೆಗಳು ಈಗಲೂ ಉಂಟು. ಆ ಮನೆಯೊಳಗೆ ಹೋದವರಿಗೆ ಗೊತ್ತು, ಅಲ್ಲಿರುವುದು ಹೆತ್ತವರ ಸಂಕಟ, ಹೆದರಿಕೆ ಅಲ್ಲ. ‘ಕಾಂತಾರ’ ದೈವವನ್ನು ದೆವ್ವ ಮಾಡಲಿಲ್ಲ, ಅದಕ್ಕೆ ನನ್ನ ಗೌರವ ಉಂಟು. ಆದರೆ ಸಿನಿಮಾ ಬಿಟ್ಟ ಮೇಲೆ ಪಾರ್ಕಿಂಗಿನಲ್ಲಿ ಹುಡುಗರು ಅದರಲ್ಲಿ ಬರುವ ದೈವದ ಕೂಗನ್ನು ಕೂಗಿ ಆಡುವುದನ್ನು ಕೇಳಿದಾಗ ನೋವಾಗಿತ್ತು.

ಮಗಳ ಗೆಳತಿಯರಿಗೆ 2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ತೋರಿಸಲು ಹೇಳಿ. ಸೋಮೇಶ್ವರದ ಸುಲೋಚನಾ ಮೈಮೇಲೆ ಬಂದಿದ್ದಾಳೆಂದು ಊರಿಗೆ ಊರೇ ನಂಬುವ ಕತೆ ಅದು. ನಿರ್ದೇಶಕ ಜೆ.ಪಿ. ತುಮಿನಾಡ್ ಅವರಿಗೆ ನಮ್ಮ ಊರಿನ ಕಿವಿ ಉಂಟು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಹೇಗೆ ದಪ್ಪವಾಗುತ್ತದೆ ಎಂಬುದನ್ನು ಅವರು ಬಲ್ಲರು. ಮೊದಲರ್ಧ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆ ಹೆಸರಿನ ಹಿಂದೆ ನಿಜಕ್ಕೂ ಒಬ್ಬಳು ಹೆಂಗಸು ಬದುಕಿದ್ದಳೆಂದು ತಿಳಿಯುವ ಹೊತ್ತಿಗೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಪ್ರಶ್ನೆ: ಎಲ್ಲ ರಾಜಕೀಯ ಸಾಕ್ಷ್ಯಚಿತ್ರಗಳೂ ಒಂದು ಕಡೆಗೆ ವಾಲಿರುತ್ತವೆ. ಹಾಗಿದ್ದಮೇಲೆ ಪ್ರಚಾರಚಿತ್ರಕ್ಕೂ ಅವಕ್ಕೂ ಏನು ವ್ಯತ್ಯಾಸ ಸರ್? (ಮಂಗಳೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ವಾಲಿರುವುದನ್ನು ನಾನು ತಪ್ಪು ಅನ್ನುವುದಿಲ್ಲ. ಮನೆ ಕೆಡವಲು ಬುಲ್ಡೋಜರ್ ಬಂದಾಗ ಅದಕ್ಕೂ ಮನೆಗೂ ಸಮ ದೂರದಲ್ಲಿ ನಿಂತು ಚಿತ್ರೀಕರಿಸಬೇಕೆಂದು ಯಾರಿಗೂ ಹೇಳಲಾರೆ. ನಾನು ನೋಡುವುದು ಮತ್ತೆ ಆ ತೆರೆಯನ್ನೇ. ನಿರ್ದೇಶಕರು ಏನನ್ನು ಮುಚ್ಚಿಟ್ಟರು, ಯಾರ ಅನುಕೂಲಕ್ಕೆ ಮುಚ್ಚಿಟ್ಟರು? ಹಾರರ್‌ನಲ್ಲಿ ಮುಚ್ಚಿಡುವುದೇ ಕಸುಬು. ಸಾಕ್ಷ್ಯಚಿತ್ರದಲ್ಲಿ ತನಗೆ ಮುಜುಗರ ತರುವುದನ್ನೆಲ್ಲ ಮುಚ್ಚಿಟ್ಟರೆ ಅದು ಪ್ರಚಾರ.

2025ರಲ್ಲಿ ಆಸ್ಕರ್ ಪಡೆದ ‘ನೋ ಅದರ್ ಲ್ಯಾಂಡ್’ ನೋಡು. ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯ ಮಸಾಫರ್ ಯಟ್ಟಾದ ಹಳ್ಳಿಗಳನ್ನು ಇಸ್ರೇಲಿ ಸೇನೆ ಕೆಡವುವುದನ್ನು 2019ರಿಂದ 2023ರವರೆಗೆ ಚಿತ್ರೀಕರಿಸಿದ್ದಾರೆ. ಇಬ್ಬರು ಪ್ಯಾಲೆಸ್ತೀನಿಯರು, ಇಬ್ಬರು ಇಸ್ರೇಲಿಗಳು ಸೇರಿ ನಿರ್ದೇಶಿಸಿದ ಚಿತ್ರ. ಪಕ್ಷ ಯಾವುದೆಂದು ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ. ಆದರೆ ಆ ನಿರ್ದೇಶಕರಲ್ಲೇ ಇಬ್ಬರಾದ ಪ್ಯಾಲೆಸ್ತೀನಿ ಬಾಸೆಲ್ ಅದ್ರಾ ಮತ್ತು ಯುವಲ್ ಅಬ್ರಹಾಂ ನಡುವಿನ ಗೆಳೆತನದಲ್ಲಿರುವ ಬಿರುಕನ್ನು ಅದು ಅಡಗಿಸಿಲ್ಲ. ಇಸ್ರೇಲಿ ಯುವಲ್ ಸಂಜೆಗೆ ಕಾರು ಹತ್ತಿ ಮನೆಗೆ ಹೋಗಬಲ್ಲ, ಬಾಸೆಲ್‌ಗೆ ಆ ರಸ್ತೆ ಇಲ್ಲ. ಎಲ್ಲವೂ ಹತ್ತು ದಿನದಲ್ಲಿ ಮುಗಿಯಬೇಕೆಂಬ ಆತುರ ನಿನಗೆ ಅಂತ ಬಾಸೆಲ್ ಅವನಿಗೆ ಮುಖಕ್ಕೇ ಹೇಳುತ್ತಾನೆ. ಪ್ರಚಾರಚಿತ್ರ ಮಾಡುವವರು ಆ ಮಾತನ್ನು ಎಡಿಟಿಂಗಿನಲ್ಲಿ ಮೊದಲು ಕತ್ತರಿಸುತ್ತಿದ್ದರು.

‘20 ಡೇಸ್ ಇನ್ ಮರಿಯುಪೋಲ್’ನಲ್ಲಿ ಇನ್ನೊಂದು ದೃಶ್ಯ ಉಂಟು. ಉಕ್ರೇನಿನ ಪತ್ರಕರ್ತ ಮಿಸ್ತಿಸ್ಲಾವ್ ಚೆರ್ನೋವ್, ರಷ್ಯಾ ಹೂಡಿದ ಯುದ್ಧದ ಮೊದಲ ದಿನ ಬೀದಿಯಲ್ಲಿ ಅಳುತ್ತಿದ್ದ ಹೆಂಗಸಿಗೆ ‘ಮನೆಗೆ ಹೋಗಿ, ನಾಗರಿಕರ ಮೇಲೆ ದಾಳಿ ಮಾಡುವುದಿಲ್ಲ’ ಅನ್ನುತ್ತಾರೆ. ಅವರ ಮಾತು ಸುಳ್ಳಾಗುತ್ತದೆ. ಆ ತಪ್ಪನ್ನು ಅವರು ಚಿತ್ರದಲ್ಲಿ ಹಾಗೇ ಉಳಿಸಿದ್ದಾರೆ. ಕೆಲವು ಕಡೆ ಹಿನ್ನೆಲೆ ಸಂಗೀತ ನನಗೆ ಬೇಡಿತ್ತು, ಚಿತ್ರದಲ್ಲಿ ಕಾಣುವ ಆಸ್ಪತ್ರೆಯ ಸದ್ದುಗಳೇ ಸಾಕಿತ್ತು. ಆದರೆ ತನ್ನ ತಪ್ಪನ್ನು ತಾನೇ ತೋರಿಸಿದವರ ಉಳಿದ ಮಾತುಗಳನ್ನೂ ನಾನು ನಂಬುತ್ತೇನೆ. 2024ರಲ್ಲಿ ಆಸ್ಕರ್ ವೇದಿಕೆಯಲ್ಲಿ ನಿಂತು, ಈ ಚಿತ್ರ ಮಾಡುವ ಸಂದರ್ಭವೇ ಬಾರದಿದ್ದರೆ ಒಳ್ಳೆಯದಿತ್ತು ಎಂಬರ್ಥದ ಮಾತು ಹೇಳಿದವರು ಅವರು.

ಪ್ರಶ್ನೆ: ಇಂಥವು ನಮ್ಮ ಮಾಲ್‌ಗಳಿಗೆ ಯಾಕೆ ಬರುವುದಿಲ್ಲ? (ಉಡುಪಿಯ ಓದುಗರು)

ಉತ್ತರ: ಟಿಕೆಟ್ ಮಾರಾಟದ ಲೆಕ್ಕ ಒಂದು ಕಡೆ, ಸೆನ್ಸಾರ್ ಇನ್ನೊಂದು ಕಡೆ. ನಮ್ಮಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರಕ್ಕೂ ಪ್ರಮಾಣಪತ್ರ ಬೇಕು. ಆಮ್ ಆದ್ಮಿ ಪಕ್ಷದ ಆರಂಭದ ದಿನಗಳ ಕುರಿತ ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ಚಿತ್ರಕ್ಕೆ ಅದರಲ್ಲಿ ಕಾಣುವ ನಾಯಕರಿಂದಲೇ ನಿರಾಕ್ಷೇಪಣಾ ಪತ್ರ ತರಲು ಮಂಡಳಿ ಹೇಳಿತ್ತು. ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ ಗೆದ್ದ ಮೇಲೆ 2017ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಆ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಈಗ ನೇರ ಹೈಕೋರ್ಟಿಗೆ ಹೋಗಬೇಕು, ಸಣ್ಣ ನಿರ್ಮಾಪಕರಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಇದು ನನಗೆ ಬಹಳ ಬೇಸರದ ವಿಷಯ.

ಪ್ರಶ್ನೆ: ಹಾರರ್ ಮತ್ತು ರಾಜಕೀಯ ಎರಡೂ ಇರುವ ಒಂದೇ ಚಿತ್ರ ಹೇಳಿ ಅಂದರೆ? (ಬ್ರಹ್ಮಾವರದ ಓದುಗರು)

ಉತ್ತರ: ಹೊಸತಲ್ಲ, 2012ರದ್ದು. ಜೋಶುವಾ ಓಪನ್‌ಹೈಮರ್ ಅವರ ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’. 1965–66ರಲ್ಲಿ ಇಂಡೋನೇಷ್ಯಾದಲ್ಲಿ ಕಮ್ಯುನಿಸ್ಟರೆಂದು ಹಣೆಪಟ್ಟಿ ಹಚ್ಚಿ ಲಕ್ಷಾಂತರ ಜನರನ್ನು ಕೊಂದರು. ಕೊಂದವರಲ್ಲಿ ಒಬ್ಬ ಅನ್ವರ್ ಕಾಂಗೋ, ಟಾಕೀಸಿನ ಹೊರಗೆ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುತ್ತಿದ್ದವನು, ಅಮೆರಿಕದ ಸಿನಿಮಾಗಳ ಮರುಳ. ನಿಮ್ಮ ಕೊಲೆಗಳನ್ನು ನಿಮಗಿಷ್ಟವಾದ ಸಿನಿಮಾದ ಶೈಲಿಯಲ್ಲಿ ನೀವೇ ಅಭಿನಯಿಸಿ ತೋರಿಸಿ ಎಂದು ನಿರ್ದೇಶಕರು ಅವನನ್ನು ಕೇಳುತ್ತಾರೆ. ಅವನು ಸಂತೋಷದಿಂದ ಒಪ್ಪುತ್ತಾನೆ. ಒಂದು ದೃಶ್ಯದಲ್ಲಿ ಸಾಯುವವನ ಪಾತ್ರ ತಾನೇ ಹಾಕುತ್ತಾನೆ. ಅದನ್ನು ಟಿವಿಯಲ್ಲಿ ನೋಡಿ, ನಾನು ಕೊಂದವರಿಗೂ ಹೀಗೇ ಅನ್ನಿಸಿರಬಹುದಾ ಅಂತ ಕೇಳುತ್ತಾನೆ. ಇಲ್ಲ, ಅವರಿಗೆ ಇದಕ್ಕಿಂತ ಎಷ್ಟೋ ಕೆಟ್ಟದಾಗಿತ್ತು, ಯಾಕೆಂದರೆ ತಾವು ನಿಜವಾಗಿ ಸಾಯುತ್ತೇವೆಂದು ಅವರಿಗೆ ಗೊತ್ತಿತ್ತು ಎಂದು ಕ್ಯಾಮೆರಾದ ಹಿಂದಿನಿಂದ ಉತ್ತರ ಬರುತ್ತದೆ.

ಕೊನೆಗೆ ಅನ್ವರ್ ತಂತಿ ಬಿಗಿದು ಜನರನ್ನು ಕೊಂದ ಆ ತಾರಸಿಗೆ ಮತ್ತೆ ಹೋಗುತ್ತಾನೆ, ಹೊಟ್ಟೆ ತೊಳಸಿ ಓಕರಿಸುತ್ತಾನೆ. ಏನೂ ಹೊರಗೆ ಬರುವುದಿಲ್ಲ, ಸದ್ದು ಮಾತ್ರ. ಕ್ಯಾಮೆರಾ ಅಲುಗುವುದಿಲ್ಲ. ಎದ್ದು ಹೋಗದೆ ಕೊನೆಯ ಹೆಸರುಗಳನ್ನೂ ಓದಿ. ಅದರಲ್ಲಿ ಕೆಲಸ ಮಾಡಿದ ಎಷ್ಟೋ ಇಂಡೋನೇಷ್ಯನ್ನರ ಹೆಸರಿನ ಜಾಗದಲ್ಲಿ ಒಂದರ ಕೆಳಗೆ ಒಂದು ‘ಅನಾಮಧೇಯ’ ಎಂದು ಮಾತ್ರ ಬರೆದಿರುತ್ತದೆ. ಕೊಂದವರು ಇನ್ನೂ ಅಧಿಕಾರದ ನೆರಳಿನಲ್ಲೇ ಇದ್ದರು.